ಬ್ಯಾಂಕಾಕಿನಲ್ಲಿ ಮುಚ್ಚದೆ ಹೋದ ಕರಡಿಗೆ

ಸತ್ತವರು ಕನಸಿನಲ್ಲಿ ಬಂದು ಹೇಳಿದರು, ಚಿಲಕ ಹಾಕಿದ್ದ ಬಾಗಿಲು ತಾನೇ ತೆರೆಯಿತು, ಇಂಥ ಮಾತು ಯಾರಾದರೂ ತೆಗೆದರೆ ನಾನು ಎದ್ದು ಒಳಗೆ ಹೋಗುವವಳು. ನಂಬುವುದು ನನ್ನ ಸ್ವಭಾವದಲ್ಲಿಲ್ಲ, ನನ್ನ ಕಸುಬಿನಲ್ಲಂತೂ ಇಲ್ಲವೇ ಇಲ್ಲ. ಹೊನ್ನಾಳಿಯಲ್ಲಿ ನಮ್ಮದು ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧದ ಅಂಗಡಿ. ಮೆಕ್ಕೆಜೋಳದ ಬೀಜದ ಚೀಲ ಬಂದರೆ ಮೊದಲು ಹೊಲಿಗೆ ನೋಡುತ್ತೇನೆ, ಆಮೇಲೆ ಲಾಟ್ ನಂಬರು, ಆಮೇಲೆ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ಬಣ್ಣ ಉಜ್ಜಿ ನೋಡುತ್ತೇನೆ. ಅಸಲಿಗಿಂತ ನಕಲಿಯೇ ಚೆನ್ನಾಗಿ ಕಾಣುವ ಕಾಲ ಇದು. ನನ್ನ ಅನುಮಾನದ ಬುದ್ಧಿಯ ಬಗ್ಗೆ ರೈತರು ನನ್ನ ಎದುರಿಗೇ ತಮಾಷೆ ಮಾಡುತ್ತಾರೆ. ಮಾಡಲಿ, ನಮ್ಮ ಅಂಗಡಿಯ ಬೀಜ ಹುಟ್ಟಲಿಲ್ಲ ಎಂದು ಯಾರೂ ವಾಪಸು ತಂದಿಲ್ಲ.

ಆದ್ದರಿಂದ ಈಗ ಹೇಳುವುದನ್ನು ನೀವು ನಂಬಲೇಬೇಕು ಎಂದು ಕೇಳಲು ನನಗೆ ಬಾಯಿಲ್ಲ. ಬೇರೆ ಯಾರಾದರೂ ಇದನ್ನು ನನಗೆ ಹೇಳಿದ್ದರೆ, ಹೇಳಿದವರಿಗೆ ಇದರಲ್ಲಿ ಏನು ಲಾಭ ಎಂದು ಮೊದಲು ಯೋಚಿಸುತ್ತಿದ್ದೆ. ನೀವೂ ಬೇಕಾದರೆ ಹಾಗೇ ಯೋಚಿಸಿ.

ಬೀಜದ ಕಂಪನಿಯವರು ಡೀಲರುಗಳನ್ನು ಫಾರಿನ್ ಟೂರಿಗೆ ಕರೆದುಕೊಂಡು ಹೋಗುವುದು ನಮ್ಮ ಕಡೆ ಹೊಸದಲ್ಲ. ಹಂಗಾಮಿನಲ್ಲಿ ಅವರು ಹೇಳಿದಷ್ಟು ಮಾಲು ಖಾಲಿ ಮಾಡಿದರೆ ವಿಮಾನ, ಹೋಟೆಲು, ಊಟ ಎಲ್ಲ ಅವರದೇ. ನಮ್ಮ ಯಜಮಾನರಿಗೆ ಇದೊಂದು ಹುಚ್ಚು ಹಿಡಿದಿತ್ತು. ವಿಮಾನ ಹತ್ತಬೇಕು, ಸಮುದ್ರ ದಾಟಬೇಕು, ಅಷ್ಟೇ. ಎರಡು ಸಲ ಟಾರ್ಗೆಟ್ ಮುಟ್ಟಿದರು. ಮೊದಲ ಸಲ ಮಾವನವರು ಹಾಸಿಗೆ ಹಿಡಿದು ಹೋಗಲಾಗಲಿಲ್ಲ. ಎರಡನೆಯ ಸಲ ಕಂಪನಿಯೇ ಟೂರ್ ಕೈಬಿಟ್ಟು ಎಲ್ಲರಿಗೂ ಒಂದೊಂದು ಟೀವಿ ಕೊಟ್ಟಿತು. ಆ ಟೀವಿ ನೋಡಿದಾಗಲೆಲ್ಲ ಮುಖ ಗಂಟಿಕ್ಕುತ್ತಿದ್ದರು. ಮೂರನೆಯ ಸಲಕ್ಕೆ ಅವರೇ ಇರಲಿಲ್ಲ. ಜ್ವರ ಎಂದು ದಾವಣಗೆರೆಯ ಆಸ್ಪತ್ರೆಗೆ ಸೇರಿದವರು ಒಂಬತ್ತನೆಯ ದಿನ ತೀರಿಕೊಂಡರು. ಒಂದೂ ಠಸ್ಸೆ ಬೀಳದ ಪಾಸ್‌ಪೋರ್ಟ್ ಇನ್ನೂ ಬೀರುವಿನಲ್ಲಿದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಗಂಡಾಗಲಿ ಹೆಣ್ಣಾಗಲಿ ಕೊರಳಲ್ಲಿ ಇಷ್ಟಲಿಂಗ ಇರುತ್ತದೆ. ಬೆಳ್ಳಿಯ ಕರಡಿಗೆಯೊಳಗೆ ಇಟ್ಟು ಶಿವದಾರದಲ್ಲಿ ಕಟ್ಟಿಕೊಂಡಿರುತ್ತೇವೆ. ಒಬ್ಬರದನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಅದಲುಬದಲು ಎನ್ನುವ ಮಾತೇ ಇಲ್ಲ. ಸತ್ತವರನ್ನು ಕೂರಿಸಿ ಮಣ್ಣು ಮಾಡುವಾಗ ಅವರವರ ಲಿಂಗವನ್ನು ಅವರ ಎಡಗೈಯಲ್ಲಿ ಇಟ್ಟು ಕಳಿಸುತ್ತೇವೆ. ಕರಡಿಗೆ ಮಾತ್ರ ಮನೆಯಲ್ಲಿ ಉಳಿಯುತ್ತದೆ. ಯಜಮಾನರನ್ನು ಸಾಸ್ವೆಹಳ್ಳಿಯ ನಮ್ಮ ಹೊಲದಲ್ಲಿ ಹಾಗೆಯೇ ಕಳಿಸಿ, ಸಮಾಧಿಯ ಮೇಲೆ ಗದ್ದುಗೆ ಕಟ್ಟಿಸಿದೆವು. ಎಡಗೈಯಲ್ಲಿ ಲಿಂಗ ಇಟ್ಟಿದ್ದನ್ನು, ಮೇಲೆ ವಿಭೂತಿ, ಬಿಲ್ವಪತ್ರೆ ತುಂಬಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರ ಕರಡಿಗೆ ದೊಡ್ಡದು, ಅದು ಬರಿದಾಗಿ ಅತ್ತೆಯ ಟ್ರಂಕಿನಲ್ಲಿದೆ. ನನ್ನದು ಚಿಕ್ಕದು, ಒಳಗಿನ ಲಿಂಗವೂ ಚಿಕ್ಕದು.

ಯಜಮಾನರ ಲಿಂಗಕ್ಕೆ ಒಂದು ಗುರುತಿತ್ತು. ಅವರು ಚಿಕ್ಕವರಿದ್ದಾಗ ಅದು ಹೊಳೆಯ ಸೋಪಾನದ ಮೇಲೆ ಬಿದ್ದು ಬುಡದ ಹತ್ತಿರ ಉಗುರಿನಷ್ಟು ಅಗಲ ಮುಕ್ಕಾಗಿತ್ತು. ಮದುವೆಯಾದ ಹೊಸತರಲ್ಲಿ ಪೂಜೆಗೆ ಕೂತಾಗ ಅವರೇ ತೋರಿಸಿ ನಕ್ಕಿದ್ದರು. ಅವರು ಹೋದ ಮೇಲೆ ನಾನು ಪೂಜೆ ಬಿಟ್ಟೆ. ದೇವರ ಮೇಲೆ ಸಿಟ್ಟು ಎಂದೇ ಇಟ್ಟುಕೊಳ್ಳಿ. ಅತ್ತೆಯ ಮನಸ್ಸು ನೋಯಬಾರದೆಂದು ಕರಡಿಗೆ ಕೊರಳಲ್ಲಿತ್ತು, ಆದರೆ ಅದರ ಮುಚ್ಚಳ ತೆಗೆದಿರಲಿಲ್ಲ.

ಅಂಗಡಿ ನಾನೇ ನಡೆಸತೊಡಗಿದ ಎರಡು ವರ್ಷಕ್ಕೆ ಟಾರ್ಗೆಟ್ ಮುಟ್ಟಿದೆ. ಕಂಪನಿಯ ಏರಿಯಾ ಮ್ಯಾನೇಜರ್ ಫೋನ್ ಮಾಡಿ, "ಮೇಡಂ, ಸಿಂಗಾಪುರ!" ಎಂದ. ಹದಿನೈದು ದಿನ ಬಿಟ್ಟು ಅದೇ ಉತ್ಸಾಹದಲ್ಲಿ "ಮೇಡಂ, ಬ್ಯಾಂಕಾಕ್!" ಎಂದ. ನಮ್ಮ ಊರುಗಳಲ್ಲಿ ಡೀಲರುಗಳು ಬ್ಯಾಂಕಾಕಿಗೆ ಹೊರಟರೆ ಜನ ಬಾಯಿಯ ಒಂದೇ ಬದಿಯಲ್ಲಿ ನಗುತ್ತಾರೆ. ಗಂಡ ಸತ್ತ ಹೆಂಗಸು ಹೊರಟರೆ ಏನು ಮಾಡಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ಬೀಜ ಕೊಳ್ಳಲು ಬಂದವರು ಬೀಜ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ನ್ಯಾಮತಿಯಲ್ಲಿ ಅಂಗಡಿ ಇಟ್ಟಿರುವ ಮೈದುನ ಬೈಕು ಹಾಕಿಕೊಂಡು ಬಂದು ನಡುಮನೆಯಲ್ಲಿ ಕೂತ.

"ಅತ್ತಿಗೇರೇ, ನಾನು ಬ್ಯಾಡ ಅನ್ನಂಗಿಲ್ಲ. ಆದ್ರೆ ಜನ ಏನಂತಾರೆ ಅಂತ ಒಂದೀಟು ಯೋಚ್ನೆ ಮಾಡ್ರಿ. ಬೇಕಾದ್ರೆ ಆ ಟಿಕೇಟು ನನ್ನ ಹೆಸರಿಗೆ ಮಾಡಾಕೆ ಬರ್ತೈತೇನು ಕೇಳ್ರಿ."

ಅವನ ಮಾತಿನ ಕೊನೆಯ ಭಾಗವೇ ನಿಜವಾದ ಮಾತು ಎಂದು ನನಗೆ ಅನಿಸಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಳಗಿನಿಂದ ಹೇಳಿದರು, "ಅವ ಹೋಗ್ಲಿಲ್ಲ. ಇವ್ಳಾರ ಹೋಗಿ ಬರ್ಲಿ. ಕೊಳ್ಳಾಗಿನ ಲಿಂಗ ಮಾತ್ರ ಇಳಿಸಬ್ಯಾಡ ನೋಡವ್ವ." ಅತ್ತೆಗೆ ಎಂಬತ್ತರ ಹತ್ತಿರ, ಕಣ್ಣು ಮಂಜು, ಸಕ್ಕರೆ ಕಾಯಿಲೆ ಬೇರೆ. ಮನೆಯಲ್ಲಿ ಇರುವವರು ನಾವಿಬ್ಬರೇ. ಅವರ ಮಾತು ಮೀರಿ ನಾನು ಏನೂ ಮಾಡಿದವಳಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಮ್ಮೆಲ್ಲರಿಗೂ ಹಸಿರು ಟೀ ಶರ್ಟು, ಟೋಪಿ ಹಂಚಿದರು. ಸೀರೆಯ ಮೇಲೆ ಟೀ ಶರ್ಟು ಹೇಗೆ ಹಾಕುವುದು? ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬ್ಯಾನರಿನ ಹಿಂದೆ ನಿಂತು ಫೋಟೋ ಹೊಡೆಸಿಕೊಂಡೆ. ಮೂವತ್ತು ಜನರಲ್ಲಿ ಹೆಂಗಸರು ಇಬ್ಬರೇ, ನಾನು ಮತ್ತು ಜಗಳೂರಿನ ಪಾರ್ವತಕ್ಕ. ಅಂಗಡಿ ನಡೆಸುವವನು ಪಾರ್ವತಕ್ಕನ ಮಗ, ಲೈಸೆನ್ಸ್ ಮಾತ್ರ ತಾಯಿಯ ಹೆಸರಿನಲ್ಲಿ. ಕಂಪನಿಯವರು ಲೈಸೆನ್ಸ್ ಇದ್ದವರೇ ಬರಬೇಕು ಎಂದರಂತೆ. ಅರವತ್ತು ದಾಟಿದ ಆಕೆ ಒಂದು ಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ವಿಭೂತಿ ಗಟ್ಟಿ ತುಂಬಿಕೊಂಡು ಸಂತೆಗೆ ಬಂದವರ ಹಾಗೆ ಬಂದಿದ್ದರು. ನಮ್ಮಿಬ್ಬರಿಗೂ ಒಂದೇ ರೂಮು.

ತಪಾಸಣೆಯ ಜಾಗದಲ್ಲಿ ಮೈ ಮುಟ್ಟಿ ನೋಡುವ ಹೆಣ್ಣುಮಗಳು ಕೊರಳಿನ ಕರಡಿಗೆ ಕಂಡು, ತೆಗೆದು ತೋರಿಸಿ ಎಂದಳು. ಕೊರಳಿನಿಂದ ಇಳಿಸಲಿಲ್ಲ, ಅಲ್ಲೇ ಮುಚ್ಚಳ ತೆರೆದೆ. ಆಕೆ ಇಣುಕಿ ನೋಡಿ ಕೈ ಮುಗಿದು ಸಾಕು ಎಂದಳು. ಮುಚ್ಚಳ ಟಕ್ಕೆಂದು ಮುಚ್ಚಿಕೊಂಡಿತು. ಆ ಶಬ್ದ ನನಗೆ ಚೆನ್ನಾಗಿ ನೆನಪಿದೆ. ಒಳಗೆ ನನ್ನ ಚಿಕ್ಕ ಲಿಂಗವೇ ಇತ್ತು. ಇತ್ತು ಎಂದೇ ಇಷ್ಟು ದಿನವೂ ಹೇಳುತ್ತ ಬಂದಿದ್ದೇನೆ. ಆದರೆ ನಿಮ್ಮೆದುರು ಮುಚ್ಚಿಡುವುದಿಲ್ಲ. ಆ ಹೊತ್ತಿನಲ್ಲಿ ನನ್ನ ಕೈಚೀಲ, ಫೋನು, ಪಾಸ್‌ಪೋರ್ಟ್ ಇದ್ದ ಟ್ರೇ ಯಂತ್ರದ ಆ ಕಡೆ ಹೋಗಿತ್ತು. ಯಾರಾದರೂ ಎತ್ತಿಕೊಂಡಾರು ಎಂದು ನನ್ನ ಎರಡೂ ಕಣ್ಣು ಆ ಟ್ರೇ ಮೇಲೆಯೇ ಇದ್ದವು. ಕರಡಿಗೆಯ ಒಳಗೆ ನೋಡಿದ್ದು ಕಣ್ಣಂಚಿನಲ್ಲಿ ಮಾತ್ರ.

ವಿಮಾನ ಮೇಲೆದ್ದಾಗ ಕಿವಿ ಗಡಚಿಕ್ಕಿ ಪಾರ್ವತಕ್ಕ ನನ್ನ ಕೈ ಹಿಡಿದು ಶಿವನಾಮ ಜಪಿಸಿದರು. ನನಗೂ ಹೆದರಿಕೆಯಾಗಿತ್ತು, ತೋರಿಸಿಕೊಳ್ಳಲಿಲ್ಲ. ಬ್ಯಾಂಕಾಕಿನಲ್ಲಿ ಇಳಿದ ಮೇಲೆ ನಾನು ಮಾಡಿದ್ದು ಒಂದೇ ಕೆಲಸ, ಅನುಮಾನ ಪಡುವುದು. ಅನ್ನ ತಂದಿಟ್ಟರೆ ಅದರಲ್ಲಿ ಏನು ಬೆರೆಸಿದ್ದಾರೋ ಎಂದು, ತರಕಾರಿ ಎಂದರೆ ಯಾವ ಎಣ್ಣೆಯೋ ಎಂದು. ಮೂರು ಹೊತ್ತೂ ರೊಟ್ಟಿ ಚಟ್ನಿಪುಡಿಯೇ ಗತಿಯಾಯಿತು, ಪಾರ್ವತಕ್ಕನ ಚೀಲದ ಬೆಲೆ ಆಗ ತಿಳಿಯಿತು. ಒಂದು ಇಡೀ ದಿನ ಗಡಗಡ ನಡುಗಿಸುವ ಥಂಡಿ ಸಭಾಂಗಣದಲ್ಲಿ ಕೂರಿಸಿ ಹೊಸ ತಳಿಯ ತೆನೆ ಎಷ್ಟು ಉದ್ದ ಎಂದು ಪರದೆಯ ಮೇಲೆ ತೋರಿಸಿದರು. ಅದನ್ನು ನೋಡಲು ಸಮುದ್ರ ದಾಟಬೇಕಿತ್ತೆ? ಸಂಜೆಯಾದರೆ ಗಂಡಸರು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದರು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕೆಂಪು ಕಣ್ಣಿನಲ್ಲಿ ಬಂದು ನಮಗೆ ಬಹಳ ಮರ್ಯಾದೆಯಿಂದ ನಮಸ್ಕಾರ ಹೇಳುತ್ತಿದ್ದರು.

ಆದರೂ ಸಂತೋಷವೇ ಆಗಲಿಲ್ಲ ಎಂದರೆ ಸುಳ್ಳಾದೀತು. ಹೊಳೆಯ ಮೇಲೆ ದೊಡ್ಡ ದೋಣಿಯಲ್ಲಿ ಕರೆದುಕೊಂಡು ಹೋದ ದಿನ ಗಾಳಿಗೆ ಸೆರಗು ಹಾರುತ್ತಿತ್ತು, ದಡದ ಗುಡಿಗಳ ಗೋಪುರ ಬಿಸಿಲಿಗೆ ಹೊಳೆಯುತ್ತಿತ್ತು. ಇವರಿದ್ದಿದ್ದರೆ ಎಷ್ಟು ಕುಣಿಯುತ್ತಿದ್ದರು ಎನಿಸಿತು. ಕರಡಿಗೆಯನ್ನು ಸೆರಗಿನ ಒಳಗೆ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ, ನೀರಿಗೆ ಬಿದ್ದೀತೆಂದು. ಪಾರ್ವತಕ್ಕ ದಿನಾ ಬೆಳಿಗ್ಗೆ ಹೋಟೆಲಿನ ಮಂಚದ ಮೇಲೆ ಕಾಲು ಮಡಚಿ ಪೂಜೆಗೆ ಕೂತಾಗ, "ನೀನೂ ತೆಗಿಯವ್ವ, ಎಷ್ಟು ದಿನ ಮುನಿಸ್ಕಂಡಿರ್ತಿ" ಎನ್ನುತ್ತಿದ್ದರು. ನಾನು ತೆಗೆಯಲಿಲ್ಲ. ಸ್ನಾನಕ್ಕೂ ನಿದ್ದೆಗೂ ಅದು ನನ್ನ ಕೊರಳಿನಿಂದ ಇಳಿದಿಲ್ಲ.

ವಾಪಸು ಬರುವ ದಿನ ಬ್ಯಾಂಕಾಕಿನ ನಿಲ್ದಾಣದಲ್ಲೂ ಅದೇ ತಪಾಸಣೆ. ಅಲ್ಲಿಯ ಹೆಣ್ಣುಮಗಳಿಗೆ ಭಾಷೆ ಬಾರದು, ಕೊರಳಿನತ್ತ ಬೆರಳು ತೋರಿಸಿದಳು. ಈ ಸಲ ಟ್ರೇಯನ್ನು ಪಾರ್ವತಕ್ಕ ನೋಡಿಕೊಳ್ಳುತ್ತಿದ್ದರು. ಮುಚ್ಚಳ ತೆಗೆಯಲು ಹೋದೆ, ಬರಲಿಲ್ಲ. ಹೆಬ್ಬೆರಳಿನಿಂದ ಒತ್ತಿ ಎಬ್ಬಿಸಿದೆ. ಒಳಗೆ ನೋಡಿದೆ.

ಅದು ನನ್ನದಾಗಿರಲಿಲ್ಲ. ಕರಡಿಗೆಯ ತುಂಬ ಒತ್ತಿ ಕೂತಿದ್ದ ದೊಡ್ಡ ಲಿಂಗ. ಬುಡದಲ್ಲಿ ಉಗುರಿನಷ್ಟು ಮುಕ್ಕು.

ಆಕೆ ತಲೆಯಾಡಿಸಿ ಮುಂದೆ ಹೋಗಲು ಹೇಳಿದಳು. ನಾನು ಅಲ್ಲಾಡಲಿಲ್ಲ. ಹಿಂದಿನವರು ಏನೋ ಗೊಣಗಿದಾಗ ಪಾರ್ವತಕ್ಕ ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಕುರ್ಚಿಯ ಮೇಲೆ ಕೂತು ಮುಚ್ಚಳ ಮುಚ್ಚಲು ನೋಡಿದೆ. ಮುಚ್ಚಲಿಲ್ಲ. ಎಷ್ಟು ಒತ್ತಿದರೂ ದಾರದೆಳೆಯಷ್ಟು ಸಂದು ಉಳಿಯಿತು. ಬೆಂಗಳೂರಿನಲ್ಲಿ ಟಕ್ಕೆಂದು ಮುಚ್ಚಿದ ಕರಡಿಗೆ. ಕೊನೆಗೆ ಸೀರೆಯ ಕುಚ್ಚಿನಿಂದ ಒಂದು ಎಳೆ ಕಿತ್ತು ಅದರ ಸುತ್ತ ಬಿಗಿದು ಕಟ್ಟಿದೆ. ಪಾರ್ವತಕ್ಕನಿಗೆ ಏನೂ ಹೇಳಲಿಲ್ಲ. ಹೇಳುವುದೇನು, ಆ ಗಳಿಗೆಯಲ್ಲಿ ನನಗೆ ಆಕೆಯ ಮೇಲೆಯೇ ಅನುಮಾನ ಬಂದಿತ್ತು. ಒಂದೇ ರೂಮಿನಲ್ಲಿ ನಾಲ್ಕು ರಾತ್ರಿ ಮಲಗಿದವರು ಆಕೆಯೊಬ್ಬರೇ. ಆದರೆ ಸಾಸ್ವೆಹಳ್ಳಿಯ ಮಣ್ಣಿನೊಳಗೆ ಇರಬೇಕಾದದ್ದು ಜಗಳೂರಿನ ಹೆಂಗಸಿನ ಕೈಗೆ ಹೇಗೆ ಬಂದೀತು?

ವಿಮಾನದಲ್ಲಿ ಕೂತಷ್ಟು ಹೊತ್ತೂ ತಲೆಯಲ್ಲಿ ಇದೇ ತಿರುಗಿತು. ಆಗ ನೆನಪಾಯಿತು, ಆಸ್ಪತ್ರೆಯ ಆ ಒಂಬತ್ತು ದಿನ. ಯಜಮಾನರನ್ನು ಐಸಿಯುಗೆ ಹಾಕಿದಾಗ ಅವರ ಕೊರಳಿನ ಕರಡಿಗೆ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದರು. ಎಲ್ಲಿ ಕಳೆದುಹೋಗುತ್ತದೋ ಎಂದು ಅದನ್ನೂ ನನ್ನ ಕೊರಳಿಗೇ ಹಾಕಿಕೊಂಡಿದ್ದೆ. ದಿನಾ ಬೆಳಿಗ್ಗೆ ವರಾಂಡದ ಮೂಲೆಯಲ್ಲಿ ಅವರ ಪರವಾಗಿ ಅವರದಕ್ಕೂ, ನನ್ನ ಪರವಾಗಿ ನನ್ನದಕ್ಕೂ ಪೂಜೆ ಮಾಡುತ್ತಿದ್ದೆ. ನಿದ್ದೆಯಿಲ್ಲ, ಊಟವಿಲ್ಲ. ಒಂದು ದಿನ ಅವನ್ನು ಅದಲುಬದಲಾಗಿ ಇಟ್ಟಿದ್ದರೆ? ಅವರದು ನನ್ನ ಕರಡಿಗೆಗೆ, ನನ್ನದು ಅವರ ಕರಡಿಗೆಗೆ? ಹಾಗಿದ್ದರೆ ಅವರ ಕೈಯಲ್ಲಿ ನನ್ನದನ್ನು ಇಟ್ಟು ಮಣ್ಣು ಮಾಡಿದ್ದೇವೆ. ಎರಡು ವರ್ಷದಿಂದ ಅವರದು ನನ್ನ ಕೊರಳಲ್ಲೇ ಇತ್ತು. ಲೆಕ್ಕ ಸರಿಹೋಯಿತು ಎಂದು ಸಮಾಧಾನವಾಗುವಷ್ಟರಲ್ಲಿ ಮತ್ತೆ ಆ ಟಕ್ಕೆಂಬ ಶಬ್ದ ಕಿವಿಗೆ ಬಂತು.

ಮನೆಗೆ ಬಂದು ಮುಚ್ಚಿಟ್ಟೆ. ಒಂದು ರಾತ್ರಿಗಿಂತ ಹೆಚ್ಚು ಮುಚ್ಚಿಡಲಾಗಲಿಲ್ಲ. ಬೆಳಿಗ್ಗೆ ಅತ್ತೆ ನನ್ನ ಹಣೆಗೆ ವಿಭೂತಿ ಹಚ್ಚಲು ಬಂದು ಕೊರಳು ಸವರಿದರು, ಕರಡಿಗೆಗೆ ಕಟ್ಟಿದ್ದ ಎಳೆ ಬೆರಳಿಗೆ ಸಿಕ್ಕಿತು. ಇದೇನು ಎಂದರು. ನಾನು ಎಳೆ ಬಿಚ್ಚಿದೆ. ಇನ್ನೊಬ್ಬರ ಲಿಂಗ ಮುಟ್ಟಬಾರದೆಂದು ಜೀವಮಾನವಿಡೀ ನಡೆದುಕೊಂಡ ಅತ್ತೆ ಅವತ್ತು ಕೇಳದೆಯೇ ಹೆಬ್ಬೆರಳಿಟ್ಟರು. ಕಣ್ಣು ಕಾಣದವರ ಬೆರಳು ನೇರವಾಗಿ ಆ ಮುಕ್ಕಿನ ಮೇಲೆ ಹೋಗಿ ನಿಂತಿತು.

"ಇದು ನಮ್ಮ ಶಿವೂಂದು" ಎಂದು ಮಗನ ಹೆಸರು ಹೇಳಿದರು. ಆಮೇಲೆ, "ಅವನದು ನಿನ್ನ ಕೊಳ್ಳಾಗೈತಿ ಅಂದ್ರೆ ಅವನ ಕೈಯಾಗೆ ಏನೈತೆ? ಬರೀ ಕೈಲೆ ಕಳಿಸಿದ್ವೇನೇ ನನ್ನ ಮಗನ್ನ?" ಎಂದು ಕೇಳಿದರು.

ಎರಡೂ ತಪಾಸಣೆಯಲ್ಲಿ ಮುಚ್ಚಳ ತೆಗೆದದ್ದನ್ನು ಅವರಿಗೆ ಹೇಳಿದೆ. ಅವತ್ತು ಅತ್ತೆ ಊಟಕ್ಕೆ ಏಳಲಿಲ್ಲ. ಮಗನ ಕೈಯಲ್ಲಿ ಏನಿದೆ ಎಂದು ತಿಳಿಯುವವರೆಗೂ ಅನ್ನ ಮುಟ್ಟುವುದಿಲ್ಲ ಎಂದರು. ಗದ್ದುಗೆ ತೆಗೆಸಿ ನೋಡಿ ಎಂದರು. ಮಾತ್ರೆ ಕೊಟ್ಟರೆ ಉಗಿದರು. ಸಕ್ಕರೆ ಕಾಯಿಲೆಯವರು ಹೀಗೆ ಉಪವಾಸ ಬಿದ್ದರೆ ಮೂರು ದಿನವೂ ತಡೆಯಲಾರರು ಎಂದು ಡಾಕ್ಟರು ಹೇಳಿದರು. ಅಂಗಡಿಯ ಬಾಗಿಲು ಹಾಕಿ, ಅತ್ತೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ನಾನು ಬಸ್ಸು ಹತ್ತಿದೆ.

ಮೊದಲು ಜಗಳೂರು. ಬೆಂಗಳೂರಿನ ತಪಾಸಣೆಯಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದವರು ಪಾರ್ವತಕ್ಕ. ಆಕೆ ನೋಡಿರಬೇಕು, ಚಿಕ್ಕದೋ ದೊಡ್ಡದೋ ಹೇಳಿದರೆ ಸಾಕು. ಆಕೆ ಪೂರ್ತಿ ಕೇಳಿ, ಮುಖ ಸಣ್ಣ ಮಾಡಿಕೊಂಡು, "ನಾ ಹೆಂಗೆ ನೋಡ್ಲವ್ವ? ಇನ್ನೊಬ್ರ ಲಿಂಗ ನೋಡಬಾರದು ಅಂತ ನೀ ಮುಚ್ಚಳ ತೆಗೆದಾಗ ನಾ ಕಣ್ಣು ಮುಚ್ಕಂಡಿದ್ದೆ" ಎಂದರು. ಆ ಒಂದು ಕ್ಷಣ ಧರ್ಮ ಬಿಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ನನಗೆ ಸಿಟ್ಟು ಬಂತು. ಬರುವಾಗ ಆಕೆ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟರು, ಬೇಡ ಎನ್ನಲು ಬಾಯಿ ಬರಲಿಲ್ಲ.

ಮರುದಿನ ನ್ಯಾಮತಿ. ನನ್ನ ಮನಸ್ಸಿನಲ್ಲಿ ಮೈದುನನ ಮೇಲೆ ಗುಮಾನಿ ಗಟ್ಟಿಯಾಗಿತ್ತು. ಅಣ್ಣನನ್ನು ಕೂರಿಸುವಾಗ ಗುಂಡಿಯೊಳಗೆ ಇಳಿದಿದ್ದವನು ಅವನೊಬ್ಬನೇ. ನಾನು ಬ್ಯಾಂಕಾಕಿಗೆ ಹೋಗುವುದು ಅವನಿಗೆ ಇಷ್ಟವಿರಲಿಲ್ಲ. ನಾನು ಹೊರಡುವ ಹಿಂದಿನ ದಿನ ಅವನು ನಮ್ಮ ಮನೆಯಲ್ಲೇ ಉಳಿದಿದ್ದ. ಇದನ್ನೆಲ್ಲ ಒಂದರ ಮೇಲೊಂದು ಜೋಡಿಸಿ ಅವನ ಅಂಗಡಿಯಲ್ಲೇ, ಗಿರಾಕಿಗಳು ಇದ್ದಾಗಲೇ, ಕೇಳಿಬಿಟ್ಟೆ. ಅವನು ತಕ್ಕಡಿ ಕೆಳಗಿಟ್ಟು ನನ್ನನ್ನೇ ನೋಡಿದ.

"ಅಣ್ಣನ ಕೈಯಾಗಿನ ಲಿಂಗಕ್ಕೆ ನಾ ಕೈ ಹಾಕ್ತೀನೇನ್ರಿ? ನನ್ನ ಇಷ್ಟು ದಿನ ಇದೇ ತಿಳ್ಕಂಡಿದ್ರೇನ್ರಿ ಅತ್ತಿಗೇರೇ?" ಎಂದವನು ಮುಖ ತಿರುಗಿಸಿಕೊಂಡು ಅತ್ತ. ಗಿರಾಕಿಗಳು ಒಬ್ಬೊಬ್ಬರೇ ಎದ್ದು ಹೋದರು. ನಾನು ಅವತ್ತು ಮಾಡಿದ ಆ ತಪ್ಪಿಗೆ ಇವತ್ತಿಗೂ ನಾಚುತ್ತೇನೆ. ಅಲ್ಲಿಂದ ಚನ್ನಗಿರಿಗೆ ಹೋಗಲು ಅವನೇ ಬೈಕು ತೆಗೆದ.

ಚನ್ನಗಿರಿಯಲ್ಲಿದ್ದಾರೆ ಯಜಮಾನರ ಕ್ರಿಯೆ ಮಾಡಿಸಿದ ಅಯ್ಯನವರು. ವಯಸ್ಸಾದವರು, ಆದರೆ ನೆನಪು ಗಟ್ಟಿ. "ಅವತ್ತು ಲಿಂಗ ಕೊಡ್ರಿ ಅಂತ ಕೇಳಿದ್ದಕ್ಕೆ ನೀವು ಎರಡೂ ಕರಡಿಗೆ ಬಿಚ್ಚಿ ನನ್ನ ಕೈಯಾಗೆ ಇಟ್ರಿ ತಾಯಿ. ಯಾವುದು ಯಜಮಾನ್ರದು ಅಂದೆ. ನೀವು ಮಾತಾಡಲಿಲ್ಲ. ದೊಡ್ಡದು ಗಂಡಸರದ್ದು ಇರ್ತೈತೆ ಅಂತ ದೊಡ್ಡದ್ರೊಳಗಿಂದು ತೆಗೆದು ಅವರ ಕೈಗಿಟ್ಟೆ, ಸಣ್ಣದನ್ನ ನಿಮಗೇ ತಿರುಗಿ ಕೊಟ್ಟೆ" ಎಂದರು. ಎರಡನ್ನೂ ನಾನು ಬಿಚ್ಚಿ ಕೊಟ್ಟದ್ದು ನನಗೆ ಒಂದು ಚೂರೂ ನೆನಪಿಲ್ಲ. ಒಳಗಿನ ಲಿಂಗ ಎಷ್ಟು ದೊಡ್ಡದಿತ್ತು, ಮುಕ್ಕಿತ್ತೇ ಎಂದು ಕೇಳಿದೆ. "ಅದನ್ನ ನೋಡೋ ಹೊತ್ತೇನ್ರಿ ಅದು?" ಎಂದರು. ಗದ್ದುಗೆ ತೆಗೆಯಬಹುದೇ ಎಂದರೆ, ಸಾಮಾನ್ಯವಾಗಿ ತೆಗೆಯುವುದಿಲ್ಲ, ಆದರೆ ಅವರ ಕೈಯಲ್ಲಿ ಅವರದಿಲ್ಲ ಎಂದು ನಿಮಗೆ ಖಾತ್ರಿಯಿದ್ದರೆ ತೆಗೆದು ಸರಿ ಮಾಡುವುದೇ ಧರ್ಮ ಎಂದರು. ಆ ಖಾತ್ರಿಯೇ ನನ್ನ ಹತ್ತಿರ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅತ್ತೆಗೆ ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಆದರೂ ಹಟ ಬಿಡಲಿಲ್ಲ. ಆಟೋದಲ್ಲಿ ನನ್ನ ತೊಡೆಯ ಮೇಲೆ ತಲೆ ಇಟ್ಟುಕೊಂಡು ಸಾಸ್ವೆಹಳ್ಳಿಗೆ ಬಂದರು. ಮೈದುನ ಗುದ್ದಲಿ, ಹಾರೆ ತಂದು ಕಾಯುತ್ತಿದ್ದ. ಹೊಲದಲ್ಲಿ ಮೆಕ್ಕೆಜೋಳ ಎದೆಮಟ್ಟ ಬೆಳೆದಿತ್ತು, ಅದರ ನಡುವೆ ಯಜಮಾನರ ಗದ್ದುಗೆ. ನಾನು ಅತ್ತೆಯನ್ನು ಅದರ ಕಟ್ಟೆಗೆ ಒರಗಿಸಿ ಕೂರಿಸಿದೆ. ಮೈದುನ ಹೆಗಲ ಮೇಲಿನ ಸೆಲ್ಲೆಯನ್ನು ಸೊಂಟಕ್ಕೆ ಬಿಗಿದು ಹಾರೆ ಎತ್ತಿದ. ನಾನು ಬೇರೆ ಕಡೆ ಮುಖ ಮಾಡಿದೆ. ಎರಡು ವರ್ಷದ ಮೇಲೆ ಅಲ್ಲಿ ಏನು ಉಳಿದಿರುತ್ತದೆ ಎನ್ನುವುದು ನನಗೆ ಗೊತ್ತಿತ್ತು, ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ತಾಯಿಯ ಎದುರಿಗೆ ಅದನ್ನು ತೆಗೆಸುವ ಧೈರ್ಯವಂತೂ ಇರಲೇ ಇಲ್ಲ.

"ತಡಿಯೋ" ಎಂದರು ಅತ್ತೆ. ಮೈದುನ ನಿಂತ. ಅತ್ತೆ ನನ್ನ ಕಡೆ ತಿರುಗಿದರು. "ಒಂದು ಹೇಳು. ಹೋಗಬೇಕಾದ್ರೆ ಬೆಂಗಳೂರಾಗೆ ಮುಚ್ಚಳ ತೆಗೆದೆ ಅಂದ್ಯಲ್ಲ. ಆಗ ಒಳಗಿದ್ದದ್ದು ನಿಂದೇನಾ? ನೋಡಿದ್ಯಾ?"

ಅವರು ಕೇಳಿದ್ದರ ಅರ್ಥ ನನಗೆ ಕೂಡಲೇ ಆಯಿತು. ನೋಡಿಲ್ಲ ಎಂದರೆ ತಪ್ಪು ನನ್ನದು, ಆಸ್ಪತ್ರೆಯಲ್ಲೇ ನಾನು ಅದಲುಬದಲು ಮಾಡಿದ್ದೇನೆ, ಅವರ ಮಗ ತನ್ನದಲ್ಲದ ಲಿಂಗ ಹಿಡಿದು ಹೋಗಿದ್ದಾನೆ, ಹಾರೆ ಏಳಲೇಬೇಕು. ನೋಡಿದ್ದೇನೆ ಎಂದರೆ ಆಮೇಲೆ ಆದದ್ದು ಮನುಷ್ಯರು ಮಾಡಿದ್ದಲ್ಲ. ನಾನು ಜೀವಮಾನದಲ್ಲಿ ಖಾತ್ರಿಯಿಲ್ಲದ ಮಾಲನ್ನು ಖಾತ್ರಿ ಎಂದು ಯಾರಿಗೂ ಕೊಟ್ಟವಳಲ್ಲ. ಅತ್ತೆಯ ತುಟಿ ಒಣಗಿ ಬಿರಿದಿತ್ತು.

"ನೋಡೀನಿ ಅತ್ತೆ. ನಂದೇ ಇತ್ತು" ಎಂದೆ.

ಅತ್ತೆ ಕಣ್ಣು ಮುಚ್ಚಿ ಕಟ್ಟೆಯ ಮೇಲೆ ಅಂಗೈ ಇಟ್ಟರು. "ಹಂಗಾದ್ರೆ ತೆಗೀಬ್ಯಾಡ್ರಿ. ಅವನಿಗೆ ಬೇಕಾಗಿತ್ತು, ಅವನೇ ಬಂದಾನೆ. ನಿಂದು ಅವನ ಕೈಯಾಗೈತೆ ಬಿಡು, ಚೆಂದಾಗಿ ಇಟ್ಕಂಡಿರ್ತಾನೆ" ಎಂದರು. ನೈವೇದ್ಯಕ್ಕೆಂದು ಮೈದುನ ತಂದಿದ್ದ ಬಾಳೆಹಣ್ಣನ್ನು ಅತ್ತೆ ಕೇಳಿ ತೆಗೆದುಕೊಂಡು ಅಲ್ಲೇ ಕೂತು ತಿಂದರು, ಒಂದಲ್ಲ, ಎರಡು. ನಾನು ಅಳುತ್ತಿದ್ದೆ. ಹಾರೆ ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೊರಟ ಮೈದುನ ನನ್ನ ಹತ್ತಿರ ಬಂದು, "ನಿಜವಾಗ್ಲೂ ನೋಡಿದ್ರೇನ್ರಿ ಅತ್ತಿಗೇರೇ?" ಎಂದು ಮೆಲ್ಲಗೆ ಕೇಳಿದ. ನಾನು ಅತ್ತೆಯನ್ನು ಎಬ್ಬಿಸಲು ಹೋದೆ.

ಇದು ನಡೆದು ಎರಡು ವರ್ಷವಾಯಿತು. ಆವತ್ತಿನಿಂದ ಎಷ್ಟೋ ಸಲ ಆ ತಪಾಸಣೆಯ ಸಾಲಿನಲ್ಲಿ ಮನಸ್ಸಿನಲ್ಲೇ ನಿಂತು ಬಂದಿದ್ದೇನೆ. ಕೆಲವೊಮ್ಮೆ ನನ್ನ ಚಿಕ್ಕ ಲಿಂಗ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ, ಕೆಲವೊಮ್ಮೆ ಬರೀ ಟ್ರೇ ಕಾಣುತ್ತದೆ. ಮುಚ್ಚಳ ಟಕ್ಕೆಂದದ್ದು ನಿಜ. ಬ್ಯಾಂಕಾಕಿನಲ್ಲಿ ಹೆಬ್ಬೆರಳಿನಿಂದ ಒತ್ತಿ ಎಬ್ಬಿಸಿದಾಗ ಮುಚ್ಚಳವೇ ಬಾಗಿರಬಹುದು, ಅದೂ ನಿಜ. ಅಕ್ಕಸಾಲಿಗರಿಗೆ ತೋರಿಸಿದರೆ ಬಾಗಿದೆಯೋ ಇಲ್ಲವೋ ಒಂದು ನಿಮಿಷದಲ್ಲಿ ಹೇಳುತ್ತಾರೆ. ನಾನು ತೋರಿಸಿಲ್ಲ. ಯಾರಿಗೂ ತೋರಿಸದೆ ಒಂದು ವಸ್ತುವನ್ನು ಇಟ್ಟುಕೊಂಡಿರುವುದು ನನ್ನ ಜೀವನದಲ್ಲಿ ಇದೊಂದೇ. 'ನೋಡೀನಿ' ಎಂದು ಅವತ್ತು ಹೇಳಿದ್ದು ನಿಜವೋ, ಅತ್ತೆ ಒಂದು ತುತ್ತು ಉಣ್ಣಲಿ ಎಂದು ಹೇಳಿದ ಮಾತೋ, ಹೇಳಿದ ನನಗೇ ಇವತ್ತಿಗೂ ಗೊತ್ತಿಲ್ಲ.

ಹೊಲದಿಂದ ಬಂದ ಸಂಜೆ ಅತ್ತೆ ಅನ್ನ ಮಜ್ಜಿಗೆ ಉಂಡು, ಮಂಚದ ಮೇಲೆ ಒರಗಿ, ನನ್ನನ್ನು ಹತ್ತಿರ ಕೂರಿಸಿಕೊಂಡರು. ನಾನು ಊರಿಗೆ ಬಂದಾಗಿನಿಂದ ಅವರು ಟೂರಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ನನ್ನ ಕೊರಳಿನ ಕರಡಿಗೆಯ ಮೇಲೆ ಕೈಯಿಟ್ಟು, "ಅಲ್ಲಿ ಏನೇನು ತೋರಿಸಿದೆ ಅವನಿಗೆ?" ಎಂದು ಕೇಳಿದರು. ನಾನು ದೋಣಿ ಹತ್ತಿದ್ದರಿಂದ ಶುರು ಮಾಡಿದೆ.